ಮಲಗಿಸಿ ಬೆಳೆಸಿದ ಭಾವಮೈದ

“ನಾಳೆ ಬೆಳಿಗ್ಗೆ ಹತ್ತು ಗಂಟೆಯೊಳಗೆ ನಿನ್ನ ತಮ್ಮನನ್ನ ಒಂದು ಸೆಂಟಿಮೀಟರ್ ಬೆಳೆಸಿ ಕೊಡ್ತೀನಿ! ಕೊಡಲಿಲ್ಲ ಅಂದ್ರೆ ನಾನು ಜಾಣತಾತನೇ ಅಲ್ಲ!”

ಈ ಘೋರ ಪ್ರತಿಜ್ಞೆ ಹೊರಬಿದ್ದದ್ದು ಯಾವ ರಣರಂಗದಲ್ಲೂ ಅಲ್ಲ. ಸಂಜೆ ಆರು ಗಂಟೆಗೆ, ಅಡುಗೆಮನೆಯ ಬಾಗಿಲಲ್ಲಿ, ಅರ್ಧ ತಿಂದ ಬಾಳೆಹಣ್ಣನ್ನು ಕತ್ತಿಯ ಹಾಗೆ ಮೇಲಕ್ಕೆತ್ತಿ ಹಿಡಿದು ಆಡಿದ ಮಾತು.

ಜಾಣತಾತ ಅಂದರೆ ಯಾರೋ ಬಿಳಿ ಗಡ್ಡದ ಮುದುಕ ಅಂದುಕೊಳ್ಳಬೇಡಿ. ವಯಸ್ಸು ನಲವತ್ತೆರಡು. ಮಕ್ಕಳ ವಾರಪತ್ರಿಕೆಯೊಂದರಲ್ಲಿ ಕೆಲಸ. ಆಕಾಶ ಯಾಕೆ ನೀಲಿ, ಈರುಳ್ಳಿ ಹೆಚ್ಚಿದರೆ ಯಾಕೆ ಅಳು, ಕೂತಲ್ಲೇ ಕಾಲು ಯಾಕೆ ಜೋಮು ಹಿಡಿಯುತ್ತೆ ಅಂತ ಮಕ್ಕಳು ಕಾಗದ ಬರೆಯುತ್ತವೆ. ‘ಜಾಣತಾತ’ ಅನ್ನೋ ಹೆಸರಿನಲ್ಲಿ ಉತ್ತರ ಕೊಡುವುದು ಇವನ ಪಾಲಿನ ಉದ್ಯೋಗ. ಮೊದಲು ಆ ಕೆಲಸ ಮಾಡುತ್ತಿದ್ದವರು ನಿಜವಾಗಿಯೂ ತಾತನೇ. ಅವರು ನಿವೃತ್ತರಾಗುವಾಗ ಕುರ್ಚಿ, ಮೇಜು, ಹೆಸರು ಮೂರನ್ನೂ ಬಿಟ್ಟುಹೋದರು. ಜಾಣತನವನ್ನು ಮಾತ್ರ ಜೊತೆಗೇ ಕೊಂಡೊಯ್ದರು ಅಂತ ಹೆಂಡತಿಯ ಅಭಿಪ್ರಾಯ.

ಪತ್ರಿಕೆಯಲ್ಲಿ ಉತ್ತರ ಕೊಟ್ಟು ಸುಮ್ಮನಿದ್ದರೆ ಯಾರಿಗೂ ತಕರಾರಿರಲಿಲ್ಲ. ಈ ಆಸಾಮಿ ಮನೆಯಲ್ಲೂ ಕೊಡುತ್ತಾನೆ! ಕೇಳದವರಿಗೂ ಕೊಡುತ್ತಾನೆ! ಯಾರಾದರೂ ಸೀನಿದರೆ ಔಷಧಿ ಬೇಕಾ ಅಂತ ಕೇಳುವುದಿಲ್ಲ, ಸೀನುವಾಗ ಕಣ್ಣು ಯಾಕೆ ಮುಚ್ಚಿಕೊಳ್ಳುತ್ತೆ ಅಂತ ಶುರುಮಾಡುತ್ತಾನೆ. ಮದುವೆಯಾದ ಹೊಸದರಲ್ಲಿ ಹೆಂಡತಿ ತವರು ನೆನೆಸಿಕೊಂಡು ಅತ್ತಾಗ, ಕಣ್ಣೀರಿನಲ್ಲಿ ಮೂರು ಬಗೆ, ಇದು ಮೂರನೆಯದು ಅಂತ ಬೆರಳು ಮಡಿಸಿ ಲೆಕ್ಕ ಹೇಳಿದ ಪುಣ್ಯಾತ್ಮ. ಆವತ್ತಿನಿಂದ ಆಕೆ ಇವನ ಎದುರು ಅತ್ತಿಲ್ಲ, ಬೈದಿದ್ದಾಳೆ ಅಷ್ಟೆ.

ಹೆಂಡತಿಯದು ಹೊಲಿಗೆ ಕೆಲಸ. ಮುಂದಿನ ಕೋಣೆಯಲ್ಲೇ ಮಿಷನ್ನು, ಕೊರಳಲ್ಲಿ ಸದಾ ಟೇಪು. ಅವಳ ತಮ್ಮನಿಗೆ ಇಪ್ಪತ್ತೇಳು ತುಂಬುತ್ತಾ ಬಂದಿತ್ತು. ಸೈಕಲ್ ರಿಪೇರಿ ಅಂಗಡಿಯಲ್ಲಿ ಪಂಕ್ಚರ್ ಹಾಕುತ್ತಾನೆ. ಚಡ್ಡಿ ಹಾಕುವ ವಯಸ್ಸಿನಿಂದಲೂ ಅವನಿಗೆ ಒಂದೇ ಹುಚ್ಚು, ಅಗ್ನಿಶಾಮಕ ದಳ. ಗಂಟೆ ಬಾರಿಸಿಕೊಂಡು ಕೆಂಪು ಲಾರಿ ಹೋಯಿತು ಅಂದರೆ ಊಟ ಬಿಟ್ಟು ಹಿಂದೆ ಓಡುತ್ತಿದ್ದ. ಓಟದಲ್ಲಿ ಪಾಸು, ಹಗ್ಗ ಹತ್ತುವುದರಲ್ಲಿ ಪಾಸು, ನೂರಡಿ ಪೈಪು ಹೊತ್ತು ಓಡುವುದರಲ್ಲೂ ಪಾಸು. ಎತ್ತರದಲ್ಲಿ ಮಾತ್ರ ಎರಡು ವರ್ಷವೂ ಫೇಲು! ನೂರ ಅರವತ್ತೈದು ಸೆಂಟಿಮೀಟರ್ ಇರಬೇಕು ಅಂತ ನಿಯಮ. ಈ ಸಂಜೆ ಅಕ್ಕ ಮೂರು ಸಲ ಅಳೆದಳು. ಮೂರು ಸಲವೂ ನೂರ ಅರವತ್ತನಾಲ್ಕು ಪಾಯಿಂಟ್ ನಾಲ್ಕು. ಬರುವ ವರ್ಷ ವಯಸ್ಸು ಮೀರುತ್ತದೆ, ಆದ್ದರಿಂದ ನಾಳೆ ಬೆಳಿಗ್ಗೆಯ ಅಳತೆಯೇ ಕೊನೆಯ ಅವಕಾಶ. ಹುಡುಗ ಗೋಡೆಗೆ ಒರಗಿ ನಿಂತವನು ಹಾಗೇ ಕುಸಿದು ಕೂತುಬಿಟ್ಟ.

ಆಗ ಹೊರಬಿತ್ತು ನೋಡಿ ಬಾಳೆಹಣ್ಣಿನ ಪ್ರತಿಜ್ಞೆ.

“ಬೆನ್ನುಮೂಳೆಯ ಮಣಿಗಳ ನಡುವೆ ಮೆತ್ತನೆ ಬಿಲ್ಲೆಗಳಿರುತ್ತೆ. ಹಗಲೆಲ್ಲ ನಿಂತು, ನಡೆದು ಅವು ಚಪ್ಪಟೆ ಆಗುತ್ತೆ. ರಾತ್ರಿ ಮಲಗಿದಾಗ ನೀರು ಹೀರಿಕೊಂಡು ಉಬ್ಬುತ್ತೆ. ಅದಕ್ಕೇ ಎಲ್ಲ ಮನುಷ್ಯರೂ ಬೆಳಿಗ್ಗೆ ಉದ್ದ, ಸಂಜೆ ಗಿಡ್ಡ! ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ವ್ಯತ್ಯಾಸ!” ಅಂದ ಜಾಣತಾತ.

“ಸರಿ ಮತ್ತೆ, ಬೆಳಿಗ್ಗೆ ಎದ್ದ ತಕ್ಷಣ ಹೊರಡಲಿ,” ಅಂದಳು ಹೆಂಡತಿ.

“ಎದ್ದನೋ, ಕೆಟ್ಟ! ಎದ್ದ ಒಂದೆರಡು ಗಂಟೆಯಲ್ಲೇ ಅರ್ಧಕ್ಕರ್ಧ ಕುಗ್ಗಿಬಿಡ್ತಾನೆ. ಅಳತೆ ಕಂಬದ ಕೆಳಗೆ ನಿಲ್ಲೋವರೆಗೂ ಅವನ ಪಾದ ನೆಲಕ್ಕೆ ತಾಗಕೂಡದು. ಮಲಗಿಸಿಕೊಂಡೇ ಒಯ್ಯಬೇಕು!”

“ಮೂರನೇ ಮಹಡಿಯಿಂದ?”

“ವಿಜ್ಞಾನಕ್ಕೆ ಮಹಡಿ ಯಾವ ಲೆಕ್ಕ?”

“ವಿಜ್ಞಾನ ಮೆಟ್ಟಿಲು ಇಳಿಯಲ್ಲ ರೀ. ಇಳಿಯೋರು ನಾವು.”

ಒಂಬತ್ತು ವರ್ಷದ ಮಗಳು ಬಾಯಿ ಹಾಕಿದಳು. ಮನೆಯಲ್ಲಿ ಅವಳಿಗೆ ‘ಪ್ರಶ್ನೆಪತ್ರಿಕೆ’ ಅಂತಲೇ ಹೆಸರು. “ಅಪ್ಪ, ಮಾಮ ಒಂದು ವಾರ ಮಲಗಿದ್ರೆ ಏಳು ಸೆಂಟಿಮೀಟರ್ ಉದ್ದ ಆಗ್ತಾನಾ?”

“ಥೂ! ಇಂಥ ದಡ್ಡ ಪ್ರಶ್ನೆ ಕೇಳಬೇಡ,” ಅಂದ ಜಾಣತಾತ. ಇಂಥ ದಡ್ಡ ಪ್ರಶ್ನೆಗಳಿಂದಲೇ ತನ್ನ ಮನೆ ಒಲೆ ಉರಿಯುತ್ತಿರುವುದು ಆ ಕ್ಷಣ ಅವನಿಗೆ ನೆನಪಿರಲಿಲ್ಲ.

ಬೆಳಿಗ್ಗೆ ಏಳಕ್ಕೆ ಕಾರ್ಯಾಚರಣೆ ಶುರು. ಮಡಿಸುವ ಮಂಚದ ಮೇಲೆ ಭಾವಮೈದ ಕಣ್ಣು ಪಿಳಿಪಿಳಿ ಬಿಡುತ್ತಾ ಮಲಗಿದ್ದ. ಏಳುವ ಹಾಗಿಲ್ಲ, ಕೂರುವ ಹಾಗಿಲ್ಲ. ಬಾಕಿ ಪ್ರಾತಃಕರ್ಮಗಳು ಹೇಗೆ ನಡೆದವು ಅಂತ ಕೇಳಬೇಡಿ. ಆ ಹುಡುಗನಿಗೂ ಮಾನ ಅಂತ ಒಂದಿದೆ.

“ಭಾವ, ಒಂದು ಲೋಟ ಟೀ ಕುಡಿಯೋವಷ್ಟು ಹೊತ್ತಾದ್ರೂ ಎದ್ದು ಕೂರ್ಲಾ?”

“ಕೂತರೆ ನಿಂತದ್ದಕ್ಕಿಂತ ಹೆಚ್ಚು ಭಾರ ಬೀಳುತ್ತೆ ಬೆನ್ನಿಗೆ! ಮಲಗೇ ಕುಡಿ. ಗಂಟಲಿನ ಸ್ನಾಯುಗಳು ಹಿಂಡಿ ಹಿಂಡಿ ಒಳಗೆ ತಳ್ಳುತ್ತೆ. ಮನುಷ್ಯ ತಲೆಕೆಳಗಾಗಿ ನಿಂತರೂ ನುಂಗಬಲ್ಲ. ಮೊನ್ನೆ ಸಂಚಿಕೆಯಲ್ಲಿ ನಾನೇ ಬರೆದಿದ್ದೀನಿ!”

ಭಾವಮೈದ ಪಾಪ, ಆ ಸಂಚಿಕೆ ಓದಿರಲಿಲ್ಲ. ಅವನ ಗಂಟಲೂ ಓದಿರಲಿಲ್ಲ. ಅರ್ಧ ಲೋಟ ಟೀ ಒಳಗೆ ಹೋಯಿತು, ಕಾಲು ಲೋಟ ಮೂಗಿನಿಂದ ಹೊರಗೆ ಬಂತು, ಉಳಿದದ್ದು ಏನಾಯಿತೋ ಗೊತ್ತಿಲ್ಲ, ಆದರೆ ಹುಡುಗನಿಗೆ ಬಿಕ್ಕಳಿಕೆ ಹತ್ತಿಕೊಂಡಿತು. ಅಂತಿಂಥ ಬಿಕ್ಕಳಿಕೆಯಲ್ಲ, ಒಂದೊಂದಕ್ಕೂ ಮಂಚ ನಾಲ್ಕು ಬೆರಳು ಸರಿಯುವಂಥದ್ದು.

“ಅಪ್ಪ, ಬಿಕ್ಕಳಿಕೆ ಯಾಕೆ ಬರುತ್ತೆ?”

“ನಿಮ್ಮಪ್ಪ ಇರೋದ್ರಿಂದ,” ಅಂದಳು ಅಮ್ಮ, ತಮ್ಮನ ಮೂಗು ಒರೆಸುತ್ತಾ.

ಮಂಚದ ಇನ್ನೊಂದು ತುದಿ ಹಿಡಿಯಲು ಎದುರುಮನೆಯ ಪ್ಲಂಬರ್ ಬಂದ. ಅವನದೊಂದು ಪೈಪು ಸಾಗಿಸುವ ವ್ಯಾನೂ ಇತ್ತು. ಲಿಫ್ಟಿನ ಮುಂದೆ ಮಂಚ ಇಟ್ಟು ನೋಡಿದರೆ, ಲಿಫ್ಟು ನಿಂತ ಮನುಷ್ಯರಿಗಾಗಿ ಮಾಡಿದ್ದು. ಮಲಗಿದ ಮನುಷ್ಯ ಅದರಲ್ಲಿ ಮೊಣಕಾಲವರೆಗೆ ಮಾತ್ರ ಹಿಡಿಸುತ್ತಿದ್ದ. ಸರಿ, ಮೆಟ್ಟಿಲೇ ಗತಿ. ಪರದೆ ಹೊಲಿಯಲು ತಂದಿಟ್ಟಿದ್ದ ಪಟ್ಟಿಗಳಿಂದ ಹುಡುಗನನ್ನು ಮಂಚಕ್ಕೆ ಬಿಗಿದದ್ದಾಯಿತು. ಮೆಟ್ಟಿಲಿನ ತಿರುವಿನಲ್ಲಿ ಮಂಚ ಅಡ್ಡಡ್ಡ ಸಿಕ್ಕಿಹಾಕಿಕೊಂಡಿತು.

“ಸಾರ್, ಮಂಚ ನೆಟ್ಟಗೆ ನಿಲ್ಲಿಸದೆ ತಿರುಗಲ್ಲ,” ಅಂದ ಪ್ಲಂಬರ್.

“ನಿಲ್ಲಿಸಬೇಡ! ನಿಲ್ಲಿಸಿದರೆ ಬೆನ್ನಿನ ಮೇಲೆ ಭಾರ ಬಿತ್ತು!” ಅಂತ ಚೀರಿದ ಜಾಣತಾತನ ಮುಖ ಥಟ್ಟನೆ ಅರಳಿತು. “ತಲೆ ಕೆಳಗೆ, ಕಾಲು ಮೇಲೆ ಮಾಡಿ ನಿಲ್ಲಿಸೋಣ! ಕುಗ್ಗೋದು ಹಾಗಿರಲಿ, ಇನ್ನೂ ಒಂದೆರಡು ಮಿಲಿಮೀಟರ್ ಲಾಭ!”

“ರೀ! ಅವನೇನು ಸೋರೋ ನಲ್ಲೀನಾ, ಬೇಕಾದ ಹಾಗೆ ತಿರುಗಿಸೋಕೆ?”

ಆದರೂ ತಿರುಗಿಸಿದರು. ಮೂರು ಮಹಡಿ, ಆರು ತಿರುವು. ಆರೂ ತಿರುವಿನಲ್ಲಿ ಭಾವಮೈದ ತಲೆಕೆಳಗಾಗಿ ಬಿಕ್ಕಳಿಸಿದ. ನೆಲಮಹಡಿಯ ಅಜ್ಜಿ ಬಾಗಿಲು ತೆರೆದು ನೋಡಿದರು. ಪಟ್ಟಿ ಬಿಗಿದ ದೇಹ, ಹಿಂದೆ ಮುಖ ಕೆಂಪಗಾದ ಅಕ್ಕ. “ಅಯ್ಯೋ ಕಂದ! ನಿನ್ನೆ ಸಂಜೆ ತಾನೇ ನನ್ನ ತರಕಾರಿ ಚೀಲ ಎತ್ತಿಕೊಟ್ಟಿದ್ದನಲ್ಲಮ್ಮ!” ಅಂತ ಗೋಳೋ ಅಂದರು. “ಇದ್ದೀನಿ ಅಜ್ಜಿ,” ಅಂತು ದೇಹ. ಅಜ್ಜಿ ಅಲ್ಲೇ ಧೊಪ್ಪನೆ ಕೂತರು. ಅವರಿಗೆ ನೀರು ಕುಡಿಸಿ, ಮುಖಕ್ಕೆ ಗಾಳಿ ಬೀಸಿ ಹೊರಡುವಾಗ ಒಂಬತ್ತು ಗಂಟೆ.

ಅಗ್ನಿಶಾಮಕ ಠಾಣೆಯ ಅಂಗಳದಲ್ಲಿ ಅರವತ್ತು ಜನ ಸಾಲು ನಿಂತಿದ್ದರು. ಅವರೆಲ್ಲ ಕಾಲ ಮೇಲೆ ನಿಂತಿದ್ದರು, ನಮ್ಮವನೊಬ್ಬ ಎಲ್ಲರ ಹಿಂದೆ, ಪೈಪುಗಳ ನಡುವಿನಿಂದ ಇಳಿದ ಮಂಚದ ಮೇಲೆ. ಸಾಲು ಒಂದೊಂದು ಹೆಜ್ಜೆ ಮುಂದೆ ಹೋದಾಗಲೂ ಮಂಚ ಎತ್ತುವುದು, ಇಳಿಸುವುದು. ಸಾಲಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು. “ನಗಲಿ, ನಗಲಿ! ಅಜ್ಞಾನ ಯಾವಾಗಲೂ ಹಲ್ಲು ಕಿರಿಯುತ್ತೆ,” ಅಂತ ಜಾಣತಾತ ಮೂಗು ಮುರಿದ.

“ಮುಂದಿನವರು!”

ಪಟ್ಟಿ ಬಿಚ್ಚಿದರು. ಭಾವಮೈದ ಎದ್ದ, ಎರಡು ಹೆಜ್ಜೆ ಇಟ್ಟ, ಕಂಬದ ಕೆಳಗೆ ನಿಂತ. ಗುಮಾಸ್ತ ಕಂಬದ ಅಳತೆಪಟ್ಟಿಯನ್ನು ತಲೆಯ ಮೇಲೆ ಇಳಿಸಿದ. ಹಿಕ್! ಪಟ್ಟಿ ಮೇಲೆ ಹಾರಿತು. ಮತ್ತೆ ಇಳಿಸಿದ. ಹಿಕ್!

“ಬಿಕ್ಕಳಿಕೆ ನಿಂತ ಮೇಲೆ ಅಳೀರಿ. ಹೀಗೆ ಕುಣಿದರೆ ಏನಂತ ಬರೆಯೋದು?” ಅಂದರು ಠಾಣೆಯ ಸಾಹೇಬರು. ಎದೆಯುಬ್ಬಿಸಿ ಕೂತ ದಪ್ಪ ಮೀಸೆಯ ಆಳು.

ಜಾಣತಾತನ ಜೀವ ಬಾಯಿಗೆ ಬಂತು. ಹುಡುಗ ನಿಂತಿದ್ದಾನೆ! ನಿಂತಷ್ಟೂ ಕುಗ್ಗುತ್ತಿದ್ದಾನೆ! “ಉಸಿರು ಬಿಗಿ ಹಿಡಿ! ವಪೆಯನ್ನ ಸಡಿಲ ಬಿಡು! ವಪೆ ಅಂದ್ರೆ ಎದೆಗೂ ಹೊಟ್ಟೆಗೂ ನಡುವೆ ಇರೋ...” ಹಿಕ್! “ನಾಲಿಗೆ ಮುಂದಕ್ಕೆ ಎಳಿ!” ಹಿಕ್! ನಾಲಿಗೆ ಕಚ್ಚಿಕೊಂಡು ಹುಡುಗ ನರಳಿದ.

ಹೆಂಡತಿ ಮುಂದೆ ಬಂದು ತಣ್ಣಗೆ ಕೇಳಿದಳು: “ಅಲ್ಲ ಕಣೋ, ಅರ್ಜಿಗೆ ಸಹಿ ಹಾಕಿದ್ದೀಯ ತಾನೇ?”

ಭಾವಮೈದನ ಮುಖ ಬಿಳುಚಿತು. ಬಿಕ್ಕಳಿಕೆ ಥಟ್ಟನೆ ನಿಂತುಹೋಯಿತು. ಗುಮಾಸ್ತ ಪಟ್ಟಿ ಇಳಿಸಿದ. “ನೂರ ಅರವತ್ತೈದು ಪಾಯಿಂಟ್ ಎರಡು. ಪಾಸು!”

“ಸಹಿ ಹಾಕಿದ್ದೆ ಅಕ್ಕ, ನಾನೇ ಹಾಕಿದ್ದೆ!” ಅಂತ ಹುಡುಗ ನಗುತ್ತಾ ಅಳತೊಡಗಿದ. ಅಕ್ಕನ ಕಣ್ಣಲ್ಲೂ ನೀರು. ಗಂಡ ಎದುರಿಗಿದ್ದಾನೆ ಅನ್ನುವುದನ್ನೂ ಮರೆತು ಆಕೆ ಅತ್ತುಬಿಟ್ಟಳು. ಪ್ರಶ್ನೆಪತ್ರಿಕೆ ಮಾಮನ ಸೊಂಟ ತಬ್ಬಿಕೊಂಡು ಕುಣಿದಳು. ಎಲ್ಲರೂ ಮನೆಗೆ ಹೊರಟಿದ್ದರೆ ಕಥೆ ಇಲ್ಲಿಗೆ ಸುಖವಾಗಿ ಮುಗಿಯುತ್ತಿತ್ತು.

ಆದರೆ ಸಾಹೇಬರು ಒಂದು ಪ್ರಶ್ನೆ ಕೇಳಿಬಿಟ್ಟರು. “ಅಲ್ರಿ, ಮಂಚ ಯಾಕೆ?”

ಪ್ರಶ್ನೆ! ಜಾಣತಾತನ ಮುಂದೆ ಪ್ರಶ್ನೆ! ಹೆಂಡತಿ ಕಣ್ಣು ಕೆಕ್ಕರಿಸಿದಳು. ಪ್ಲಂಬರ್ ಕಾಲು ತುಳಿದ. ಕಾಲು ತುಳಿದರೆ ನೋವಿನ ಸುದ್ದಿ ಮಿದುಳಿಗೆ ಎಷ್ಟು ಬೇಗ ಮುಟ್ಟುತ್ತೆ ಅಂತ ವರ್ಣಿಸಬಲ್ಲ ಮನುಷ್ಯನಿಗೆ ಆ ಕ್ಷಣ ನೋವೇ ಆಗಲಿಲ್ಲ.

“ಒಳ್ಳೆ ಪ್ರಶ್ನೆ ಕೇಳಿದ್ರಿ! ನಾನು ಜಾಣತಾತ, ಮಕ್ಕಳ ಪತ್ರಿಕೆಯವನು!” ಅಂತ ಶುರುಮಾಡಿ, ಮಣಿ, ಬಿಲ್ಲೆ, ನೀರು, ಉಬ್ಬು ಎಲ್ಲವನ್ನೂ ಕೈಯಾಡಿಸಿ ವಿವರಿಸಿ, ಕೊನೆಗೆ ಕಿರೀಟ ಇಟ್ಟ ಹಾಗೆ ಹೇಳಿದ: “ಇವನನ್ನ ಸಂಜೆ ಅಳೆದು ನೋಡಿ ಸ್ವಾಮಿ! ನೂರ ಅರವತ್ತನಾಲ್ಕೂವರೆ ದಾಟಿದರೆ ಕೇಳಿ!”

ಸಾಹೇಬರು ಪೆನ್ನಿನ ಮುಚ್ಚಳ ಮೆಲ್ಲಗೆ ಹಾಕಿದರು. “ಹಾಗೋ? ಬೆಂಕಿ ಬೆಳಿಗ್ಗೆ ಮಾತ್ರ ಹತ್ತಿಕೊಳ್ಳಲ್ಲ ಜಾಣತಾತನವರೇ, ಸಂಜೇನೂ ಹತ್ತಿಕೊಳ್ಳುತ್ತೆ. ಸಂಜೆ ನಾಲ್ಕಕ್ಕೆ ಅಳೀತೀನಿ. ಅಲ್ಲಿವರೆಗೆ ಇವನು ಮಲಗೋ ಹಾಗಿಲ್ಲ. ಗುಮಾಸ್ತರೇ, ಆ ಮಂಚ ಒಳಗಿಟ್ಟು ಬೀಗ ಹಾಕಿ.”

ಇಷ್ಟು ಹೊತ್ತೂ ಎತ್ತಿದ ಕಡೆ ಏರಿ, ಇಳಿಸಿದ ಕಡೆ ಇಳಿದ ಭಾವಮೈದ ಮೊದಲ ಸಲ ಸ್ವಂತ ಬಾಯಿ ತೆರೆದ. “ಸಾರ್, ನನ್ನೊಬ್ಬನನ್ನೇ ಅಳೆಯೋದು ಯಾವ ನ್ಯಾಯ? ಬೆಳಿಗ್ಗೆ ಅಳೆಸಿಕೊಂಡವರೆಲ್ಲ ಬೆಳಗಿನ ಎತ್ತರದಲ್ಲೇ ಪಾಸಾಗಿದ್ದಾರೆ. ಅಳೆದರೆ ಎಲ್ಲರನ್ನೂ ಅಳೀರಿ.”

ಸಾಹೇಬರು ಸಾಲಿನ ಉದ್ದಕ್ಕೂ ಕಣ್ಣು ಹಾಯಿಸಿದರು. “ಸರಿಯಾದ ಮಾತು. ಎಲ್ಲರೂ ನಾಲ್ಕು ಗಂಟೆಗೆ ಇಲ್ಲೇ ಇರಬೇಕು.”

ಆವರೆಗೆ ನಗುತ್ತಿದ್ದ ಸಾಲು ನಗು ನಿಲ್ಲಿಸಿತು. ಪಾಸಾಗಿದ್ದವರು ನಲವತ್ತೊಂದು ಜನ. ಗಿಡ್ಡ ಉದ್ದ ಅನ್ನದೆ ಅಷ್ಟೂ ಜನ ಏಕಕಾಲಕ್ಕೆ ಜಾಣತಾತನ ಕಡೆ ತಿರುಗಿದರು. ಒಬ್ಬ ತೋಳು ಮಡಿಸಿದ. ಇನ್ನೊಬ್ಬ, “ತಾತಪ್ಪ, ಹೊರಗೆ ಬನ್ನಿ, ನಿಮ್ಮ ಬೆನ್ನುಮೂಳೆಯ ಬಿಲ್ಲೆ ಎಣಿಸಿಕೊಡ್ತೀವಿ,” ಅಂದ. ಜಾಣತಾತ ಕಾಲಿಗೆ ಬುದ್ಧಿ ಹೇಳಿದ. ಠಾಣೆಯ ಶೌಚಾಲಯ ಹೊಕ್ಕು ಚಿಲಕ ಜಡಿದವನು ಮಧ್ಯಾಹ್ನ ಪೂರ್ತಿ ಹೊರಗೆ ತಲೆ ಹಾಕಲಿಲ್ಲ. ಒಂದು ಗಂಟೆಗೆ ಹೆಂಡತಿ ಬಾಗಿಲ ಸಂದಿಯಿಂದ ಎರಡು ಬಿಸ್ಕತ್ತು ತೂರಿಸಿದಳು.

“ರೀ, ಇಪ್ಪತ್ತು ವರ್ಷದ ಆಸೆ ಅವನದು. ಎರಡು ನಿಮಿಷ ಬಾಯಿ ಮುಚ್ಚಿಕೊಂಡಿರೋಕೆ ಆಗಲಿಲ್ವಾ ನಿಮ್ಮ ಕೈಲಿ?”

ಎರಡು ಬಿಸ್ಕತ್ತೂ ಅದೇ ಸಂದಿಯಿಂದ ಹಾಗೇ ವಾಪಸ್ ಬಂದವು. ಎಲ್ಲ ಪ್ರಶ್ನೆಗೂ ಉತ್ತರವಿದ್ದ ಮನುಷ್ಯನಿಗೆ ನಿಜವಾಗಿ ನಾಚಿಕೆಯಾಗಿತ್ತು.

ಸಂಜೆ ನಾಲ್ಕಕ್ಕೆ ಅಳತೆ ಶುರುವಾಯಿತು. ವಿಜ್ಞಾನ ಮಾತ್ರ ಎಳ್ಳಷ್ಟೂ ಸುಳ್ಳಾಗಲಿಲ್ಲ, ಅದೇ ದೊಡ್ಡ ಅನ್ಯಾಯ! ಒಬ್ಬೊಬ್ಬನೂ ಕುಗ್ಗಿದ್ದ. ಬೆಳಿಗ್ಗೆ ನೂರ ಅರವತ್ತೈದೂವರೆ ಇದ್ದವನು ಈಗ ನೂರ ಅರವತ್ತನಾಲ್ಕು ಪಾಯಿಂಟ್ ಒಂಬತ್ತು. ಹದಿಮೂರು ಜನ ಫೇಲಾದರು. ಹದಿನಾಲ್ಕನೆಯವನು ಭಾವಮೈದ, ನೂರ ಅರವತ್ತನಾಲ್ಕು ಪಾಯಿಂಟ್ ನಾಲ್ಕು. ಅವನು ಶೆಡ್ಡಿನಲ್ಲಿ ನಿಂತಿದ್ದ ಕೆಂಪು ಲಾರಿಯನ್ನು ಒಂದು ಸಲ ನೋಡಿ, ಚಪ್ಪಲಿ ಹಾಕಿಕೊಳ್ಳತೊಡಗಿದ. ಶೌಚಾಲಯದ ಬಾಗಿಲ ಸಂದಿಯಿಂದ ಇದನ್ನು ನೋಡಿದ ಜಾಣತಾತ ಚಿಲಕ ತೆಗೆದ. ಹೊರಗೆ ಬಂದು ಮೂಲೆಯಲ್ಲಿ ನಿಂತ. ಹೊಡೆದರೆ ಹೊಡೆಯಲಿ ಅನ್ನಿಸಿತ್ತು ಅವನಿಗೆ.

ಆಗ ಪ್ರಶ್ನೆಪತ್ರಿಕೆ ಸಾಹೇಬರ ಮೇಜಿನ ಹತ್ತಿರ ಹೋಗಿ ನಿಂತಳು.

“ಅಂಕಲ್, ಕೆಲಸಕ್ಕೆ ಸೇರುವಾಗ ನಿಮ್ಮನ್ನೂ ಅಳೆದಿದ್ರಾ?”

“ಅಳೆದಿದ್ರು ಪುಟ್ಟಿ. ನೂರ ಅರವತ್ತೈದು ಪಾಯಿಂಟ್ ಮೂರು,” ಅಂತ ಮೀಸೆ ನೀವಿದರು.

“ಬೆಳಿಗ್ಗೇನಾ, ಸಂಜೇನಾ?”

ಸಾಹೇಬರ ಕೈ ಮೀಸೆಯ ಮೇಲೇ ನಿಂತಿತು.

“ಈಗ ಒಂದು ಸಲ ನಿಂತು ನೋಡಿ ಅಂಕಲ್. ನಂಗೆ ತಿಳ್ಕೋಬೇಕು.”

ಬೇರೆ ಯಾರಾದರೂ ಕೇಳಿದ್ದರೆ ಗದರಿಸಿ ಕಳಿಸಬಹುದಿತ್ತು. ಒಂಬತ್ತು ವರ್ಷದ ಹುಡುಗಿ, ಸುತ್ತ ನಲವತ್ತೊಂದು ಜೊತೆ ಕಣ್ಣು. ಸಾಹೇಬರು ಗತ್ತಿನಿಂದ ಎದ್ದರು, ಬೂಟು ಬಿಚ್ಚಿದರು, ಕಂಬದ ಕೆಳಗೆ ಉಸಿರೆಳೆದು ನಿಂತರು. ಗುಮಾಸ್ತ ಪಟ್ಟಿ ಇಳಿಸಿದ, ಇಣುಕಿ ನೋಡಿದ, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದ.

“ಸಾರ್... ಜೋರಾಗಿ ಹೇಳ್ಲಾ?”

“ಹೇಳ್ರಿ!”

“ನೂರ ಅರವತ್ತನಾಲ್ಕು ಪಾಯಿಂಟ್ ಒಂದು, ಸಾರ್.”

ಸಾಹೇಬರು ನಿಧಾನವಾಗಿ ಬೂಟು ಹಾಕಿಕೊಂಡರು, ಲೇಸು ಕಟ್ಟಿದರು, ಕುರ್ಚಿಗೆ ಹೋಗಿ ಕೂತರು. ಸಂಜೆಯ ಅಳತೆ ಬರೆದ ಹಾಳೆಯನ್ನು ಎತ್ತಿ ನಾಲ್ಕು ಚೂರು ಮಾಡಿ ಬುಟ್ಟಿಗೆ ಹಾಕಿದರು.

“ಈ ಇಲಾಖೆಯಲ್ಲಿ ಹಿಂದಿನಿಂದಲೂ ಅಳತೆ ಬೆಳಿಗ್ಗೆಯೇ ನಡೆದು ಬಂದಿದೆ. ಬೆಳಗಿನ ಅಳತೆಯೇ ಅಳತೆ! ನಲವತ್ತೊಂದು ಜನವೂ ಪಾಸು!”

ಅಂಗಳ ಹಾರಿಹೋಗುವ ಹಾಗೆ ಕೂಗೆದ್ದಿತು. ಭಾವಮೈದ ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಪ್ರಶ್ನೆಪತ್ರಿಕೆಯನ್ನು ಹೆಗಲ ಮೇಲೆ ಕೂರಿಸಿಕೊಂಡು ಲಾರಿಯ ಸುತ್ತ ಎರಡು ಸುತ್ತು ಓಡಿದ. ಬೆನ್ನಿನ ಬಿಲ್ಲೆಗಳು ಚಪ್ಪಟೆಯಾದರೆ ಆಗಲಿ, ಇನ್ನು ಅವನಿಗೇನು!

ಮೂಲೆಯಲ್ಲಿ ನಿಂತ ಜಾಣತಾತನಿಗೂ ಆನಂದವಾಯಿತು. ಆನಂದವಾದರೆ ಎದೆ ಯಾಕೆ ಡವಡವ ಅನ್ನುತ್ತೆ ಅಂತ ನಾಲಿಗೆ ತುದಿಗೆ ಬಂದೇಬಿಟ್ಟಿತು. ಹೆಂಡತಿ ಅಷ್ಟು ದೂರದಿಂದಲೇ ಒಂದು ನೋಟ ನೋಡಿದಳು. ನಾಲಿಗೆ ಒಳಗೆ ಹೋಯಿತು.

ಗುಮಾಸ್ತ ಆಯ್ಕೆಯ ಹಾಳೆ ತುಂಬುತ್ತಾ ಕೇಳಿದ: “ಜೊತೆಗೆ ಬಂದವರು ಯಾರು, ಏನಾಗಬೇಕು?”

“ಅವರು ನಮ್ಮಕ್ಕ. ಇವಳು ಅಕ್ಕನ ಮಗಳು,” ಅಂದ ಭಾವಮೈದ.

“ಮತ್ತೆ ಆ ಮೂಲೇಲಿ ನಿಂತಿದ್ದಾರಲ್ಲ, ಅವರು?”

ಸಾಹೇಬರು ತಲೆಯೆತ್ತಿದರು. ನಲವತ್ತು ಜನ ಹಿಂತಿರುಗಿ ನೋಡಿದರು. ಭಾವಮೈದ ಸೆಟೆದು ನಿಂತು ನೇರ ಮುಂದೆ ನೋಡುತ್ತಾ, “ಪರಿಚಯ ಇಲ್ಲ ಸಾರ್,” ಅಂದ. ಗುಮಾಸ್ತ ಅಕ್ಕನ ಮುಖ ನೋಡಿದ. ಅಕ್ಕ ನೀರಿನ ಟ್ಯಾಂಕು ನೋಡಿದಳು.

ಜಾಣತಾತ ಕೊನೆಯ ಆಸೆಯಿಂದ ಮಗಳ ಕಡೆ ನೋಡಿದ. ಕರುಳ ಕುಡಿ ತಾನೇ! ಪ್ರಶ್ನೆ ಕೇಳಿ ಕೇಳಿ ಅವನ ತಲೆ ತಿಂದ ಮುದ್ದು ಮಗಳು ತಾನೇ!

ಮಾಮನ ಹೆಗಲ ಮೇಲಿನಿಂದ ಅವನನ್ನು ಒಂದು ಸಲ ಅಡಿಯಿಂದ ಮುಡಿಯವರೆಗೆ ನೋಡಿ ಪ್ರಶ್ನೆಪತ್ರಿಕೆ ಉತ್ತರ ಕೊಟ್ಟಳು:

“ಗೊತ್ತಿಲ್ಲ ಅಂಕಲ್. ಬೆಳಿಗ್ಗೆ ಮಂಚ ಹೊರೋಕೆ ಬಂದಿದ್ರು.”